ಒಂದೇ ಮನೆಯ ರಕ್ತ

9 ಫೆಬ್ರವರಿ 1987, ಸೋಮವಾರ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮಾರ್ನಿಂಗ್ ಡ್ಯೂಟಿ. ಮದರಾಸಿನ ಲೈನ್ ಬೆಳಗಿನಿಂದ ಸತ್ತಿತ್ತು. ಬನಶಂಕರಿಯಿಂದ ಯಾರೋ ದೊಡ್ಡ ಮನುಷ್ಯರು ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿ ಗಳಿಗೆಗೊಮ್ಮೆ ಬೈದರು. ನಾನೂ ಬೈದೆ — ಆಚೆಗೆ ಕೇಳಿಸದಂತೆ ಕೀ ಆಫ್ ಮಾಡಿಕೊಂಡು. ಪಕ್ಕದ ಬೋರ್ಡಿನ ಅಂಕಮ್ಮ ಹೆಡ್‌ಸೆಟ್ ಬಿಚ್ಚಿ ನಕ್ಕಳು. ಅವಳಿಗೆ ನಗು ಸುಲಭ. ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ನವೆಂಬರಿನಲ್ಲಿ ಮೂರನೆಯದೂ ಹೋದಾಗಿನಿಂದ ಹೀಗೆಯೇ. ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ.

ಮನೆಗೆ ಬಂದರೆ ಅಜ್ಜಿ ಕಷಾಯದ ಲೋಟ ಹಿಡಿದು ನಿಂತಿದ್ದಾಳೆ. ಗರ್ಭ ನಿಲ್ಲುವುದಕ್ಕಂತೆ. ಮೂರು ಹೋದರೂ ಈ ಕಷಾಯದ ಮರ್ಯಾದೆ ಮಾತ್ರ ಹೋಗಿಲ್ಲ. ಅವಳ ಎದುರಿಗೇ ಬಚ್ಚಲಿಗೆ ಸುರಿದೆ. ನೋಡಿದಳು. ಲೋಟ ತೊಳೆದಿಟ್ಟಳು. ಬೇರೆ ಅತ್ತೆಯಾಗಿದ್ದರೆ ಮನೆ ರಣರಂಗ. ಹೆತ್ತಮ್ಮನ ಅಮ್ಮನೇ ಅತ್ತೆಯಾದರೆ ಬೈಗುಳಕ್ಕೂ ಗತಿಯಿಲ್ಲ.

ಶುಕ್ರವಾರ ಹೊಸ ಡಾಕ್ಟರು. ಲಂಡನ್ನಿನಲ್ಲಿ ಕಲಿತು ಬಂದವರಂತೆ. ಮಾವ ರಜೆ ಹಾಕಿದ್ದಾನೆ. ಗಂಡನಾಗಿ ಆರು ವರ್ಷವಾದರೂ ಬಾಯಿಗೆ ಬರುವುದು ಮಾವ ಎಂದೇ.

13 ಫೆಬ್ರವರಿ, ಶುಕ್ರವಾರ

ಡಾಕ್ಟರ್ ಜಯಸಿಂಹ. ಕನ್ನಡಕ, ಸಣ್ಣ ಧ್ವನಿ. ಗೋಡೆಯ ತುಂಬ ಕೊಬ್ಬಿದ ಮಕ್ಕಳ ಕ್ಯಾಲೆಂಡರು. ಆ ಕೋಣೆಯಲ್ಲಿ ಅವನ್ನು ಯಾಕೆ ತೂಗುಹಾಕುತ್ತಾರೋ.

"ಮದುವೆಗೆ ಮುಂಚೆ ಸಂಬಂಧ ಇತ್ತಾ?"

"ಇತ್ತು. ನಮ್ಮಮ್ಮನ ತಮ್ಮ."

ಪೆನ್ನು ಕೆಳಗಿಟ್ಟರು. ಮಾವ ಕುರ್ಚಿಯ ತುದಿಗೆ ಸರಿದ. ಫ್ಯಾಕ್ಟರಿಯಲ್ಲಿ ಡ್ರಾಫ್ಟ್ಸ್‌ಮನ್, ಇಡೀ ಮಿಷನ್ನಿನ ನಕ್ಷೆ ಬರೆಯುತ್ತಾನೆ, ಡಾಕ್ಟರ ಎದುರು ಮಾತ್ರ ಪರೀಕ್ಷೆಗೆ ಓದದೆ ಬಂದ ಹುಡುಗ.

ಡಾಕ್ಟರು ಹೇಳಿದ್ದನ್ನು ಮರೆಯುವ ಮೊದಲು ಬರೆದುಕೊಳ್ಳುತ್ತೇನೆ. "ನೋಡಿ ವಿಮಲಾ ಅವ್ರೆ, ಬೇರೆಯವರ ಕಿಡ್ನಿ ಹಾಕಿದ್ರೆ ನಮ್ಮ ಮೈ ಅದನ್ನ ಒದ್ದು ಆಚೆಗೆ ಹಾಕುತ್ತೆ. ಮಗು ಅಂದ್ರೆ ಅರ್ಧ ನಿಮ್ದು, ಅರ್ಧ ಇವ್ರದು. ಇವ್ರ ಅರ್ಧ ನಿಮ್ಮ ಮೈಗೆ ಹೊರಗಿನದು. ಆದ್ರೂ ಒಂಬತ್ತು ತಿಂಗಳು ಯಾಕೆ ಇಟ್ಕೊಳ್ಳುತ್ತೆ? ಪೂರ್ತಿ ಗೊತ್ತಿರೋರು ಪ್ರಪಂಚದಲ್ಲಿ ಯಾರೂ ಇಲ್ಲ. ಒಂದು ವಾದ ಇದೆ. ಇದು ಹೊರಗಿಂದು ಅಂತ ಮೈ ಮೊದಲು ಗುರುತು ಹಿಡೀಬೇಕು. ಹಿಡಿದ ಮೇಲೇನೇ ಅದಕ್ಕೆ ಏಟು ಬೀಳದ ಹಾಗೆ ಸುತ್ತ ಒಂದು ಕಾವಲು ಕಟ್ಟುತ್ತೆ. ಗಂಡ ಹೆಂಡತಿ ತೀರಾ ಒಂದೇ ಥರ ಇದ್ರೆ ಗುರುತೇ ಸಿಗಲ್ಲ. ಕಾವಲೂ ಕಟ್ಟಲ್ಲ."

ಬಸ್ಸಿನಲ್ಲಿ ವಾಪಸಾದೆವು. ನನಗೆ ನಗು ಬಂತು, ಅಳುವೂ ಬಂತು. ಆರು ವರ್ಷದ ಹಿಂದಿನ ಮನೆ ತುಂಬಿಸಿಕೊಳ್ಳುವ ಶಾಸ್ತ್ರ ನೆನಪಾಯಿತು. ಅಮ್ಮ ಸತ್ತ ಮೇಲೆ ಏಳು ವರ್ಷದವಳಿದ್ದಾಗಿನಿಂದ ನಾನು ಬೆಳೆದ ಮನೆ ಅದು. ಬೆಳಿಗ್ಗೆ ನಾನೇ ಗುಡಿಸಿ ರಂಗೋಲಿ ಹಾಕಿದ್ದೆ. ಸಂಜೆ ನನ್ನನ್ನು ಹೊರಗೆ ನಿಲ್ಲಿಸಿ, ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟು, ಬಲಗಾಲಿನಲ್ಲಿ ಒದ್ದು ಒಳಗೆ ಬಾ ಎಂದರು. ಒದ್ದೆ. ಅಕ್ಕಿ ಚೆಲ್ಲಿತು. ಮಾರನೆಯ ಬೆಳಿಗ್ಗೆ ಆ ಅಕ್ಕಿ ಬಳಿದವಳೂ ನಾನೇ. ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಮದುವೆಯಾಗಿ ಬಂದ ಸೊಸೆ. ಇಂಥವಳ ಮೈಗೆ ಹೊರಗಿನವರು ಎಂದರೆ ಯಾರೆಂದು ಹೇಗೆ ತಿಳಿಯಬೇಕು?

4 ಮಾರ್ಚ್

ರಿಪೋರ್ಟ್ ಬೊಂಬಾಯಿಯಿಂದ ಬಂತು. ನಾವೆಷ್ಟು ಒಂದೇ ಥರ ಎಂದು ನೋಡುವ ಟೆಸ್ಟಿಗೆ ಇಬ್ಬರೂ ರಕ್ತ ಕೊಟ್ಟಿದ್ದೆವು. ಒಂದು ಸಣ್ಣ ಸಿರಿಂಜಿನಷ್ಟು ತೆಗೆದಿದ್ದಕ್ಕೇ ಮಾವ ಬೆಂಚಿನ ಮೇಲೆ ಮಲಗಿಬಿಟ್ಟಿದ್ದ. ಸಿಸ್ಟರು ಗ್ಲೂಕೋಸ್ ನೀರು ಕುಡಿಸಿದ್ದರು.

ಇಬ್ಬರ ರಕ್ತದಲ್ಲೂ ಒಂದೇ ಥರದ ಗುರುತುಗಳು ಬಹಳ ಇವೆಯಂತೆ. ಮಾವನ ರಕ್ತದಿಂದ ಬಿಳಿ ಕಣ ಬೇರ್ಪಡಿಸಿ ನನ್ನ ಚರ್ಮದೊಳಕ್ಕೆ ಚುಚ್ಚುತ್ತಾರೆ. ಎರಡು ಸಲ. ಮಗು ಬರುವ ಮೊದಲೇ ಮೈಗೆ ಅದರಪ್ಪನ ಪರಿಚಯ ಮಾಡಿಸುವುದು. "ಗ್ಯಾರಂಟಿ ಕೊಡಲ್ಲ," ಎಂದರು ಡಾಕ್ಟರು. "ಮಾಡೋರು ಮಾಡ್ತಾ ಇದಾರೆ. ಕೆಲವರಿಗೆ ನಿಂತಿದೆ." ಅಷ್ಟು ಸಾಕು ನನಗೆ.

ಅಜ್ಜಿಗೆ ಹೇಳಿದೆ. ಅವರೆಕಾಳು ಹಿಸುಕುತ್ತಿದ್ದಳು. "ಅವನ ರಕ್ತ ನಿಂಗ್ ಹಾಕೋದಾ? ಇರೋದೇ ಒಂದೇ ಮನೆ ರಕ್ತ. ಹೊಸದಾಗಿ ಏನ್ ಹಾಕ್ತಾರೆ?" ಡಾಕ್ಟರಿಗಿಂತ ಚೆನ್ನಾಗಿ ಹೇಳಿದಳು. ಕಾಯಿಲೆ ಅದೇ ಎಂದೆ. ಅರ್ಥವಾಗಲಿಲ್ಲ. ಅಥವಾ ಆಯಿತೋ, ಹಿಸುಕುವುದನ್ನು ನಿಲ್ಲಿಸಲಿಲ್ಲ.

27 ಮಾರ್ಚ್, ಶುಕ್ರವಾರ

ಮೊದಲನೇ ಡೋಸ್ ಆಯಿತು. ಮಾವ ಬೆಳಿಗ್ಗೆ ಆರಕ್ಕೇ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಅಲ್ಲಿಂದಲೇ ಫ್ಯಾಕ್ಟರಿ ಬಸ್ ಹಿಡಿದ. ಈ ಸಲ ದೊಡ್ಡ ಬಾಟಲಿ. ಹೆದರಿಕೆ ಬಿಟ್ಟು ಹೋದನಲ್ಲ ಎಂದು ಎದೆ ತುಂಬಿ ಬಂತು. ಡಬ್ಬಿಗೆ ಅವನ ಇಷ್ಟದ ಪುಳಿಯೋಗರೆ ಹಾಕಿ ಕಳಿಸಿದ್ದೆ.

ಮಧ್ಯಾಹ್ನ ನನ್ನ ಮುಂಗೈಗೆ ಚುಚ್ಚಿದರು. ಉರಿ. ನಾಲ್ಕು ಗುಳ್ಳೆ ಎದ್ದವು.

30 ಮಾರ್ಚ್

ತುರಿಕೆ! ಕೈಯೆಲ್ಲ ಕೆಂಪು, ಬಿಸಿ. ಬೋರ್ಡಿನ ಮುಂದೆ ಕೂತು ಎಡಗೈಯಲ್ಲಿ ಪ್ಲಗ್ ಚುಚ್ಚುವುದು, ಬಲಗೈಯಲ್ಲಿ ಆ ಕೈಯನ್ನೇ ಕೆರೆಯುವುದು. ಅಂಕಮ್ಮ, "ಏನೇ ಇದು, ಕಜ್ಜಿನಾ?" ಎಂದಳು.

"ಅಲ್ಲ, ಗಂಡ."

ಇಬ್ಬರೂ ನಕ್ಕ ನಗೆಗೆ ಸೂಪರ್‌ವೈಸರ್ ಎದ್ದು ಬಂದರು. ಖುಷಿ ತಡೆಯಲಾಗುತ್ತಿಲ್ಲ. ಕೊನೆಗೂ ನನ್ನ ಮೈ ಮಾವನನ್ನು ಕಂಡು ಮುನಿಸಿಕೊಂಡಿತು. ಯಾರಯ್ಯ ನೀನು ಎಂದು ಕೇಳಿತು. ಸಂಜೆ ತೋಳು ತೋರಿಸಿದೆ. ಅವನು ನೋಡಿದ, ಮುಖ ಬೇರೆ ಕಡೆ ಮಾಡಿಕೊಂಡ. ರಕ್ತದ ಮಾತೆಂದರೆ ಅವನಿಗೆ ಆಗದು, ಪಾಪ.

24 ಏಪ್ರಿಲ್

ಎರಡನೇ ಡೋಸ್. ಮತ್ತೆ ತುರಿಕೆ. ಮತ್ತೆ ಖುಷಿ.

8 ಜೂನ್, ಸೋಮವಾರ

ನಿಂತಿದೆ. ಟೆಸ್ಟ್ ಪಾಸಿಟಿವ್. ಮಾವನಿಗೆ ಮಾತ್ರ ಹೇಳಿದೆ. ಅಜ್ಜಿಗೆ ಹೇಳದೆಯೇ ಗೊತ್ತಾಗಿದೆ, ಬೆಳಿಗ್ಗೆ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿಕೊಂಡಳು.

ಸಂತೋಷಪಡಲು ಧೈರ್ಯವಿಲ್ಲ. ಮೂರೂ ಹತ್ತು ಹನ್ನೊಂದನೇ ವಾರದಲ್ಲಿ ಹೋದವು. ಅಲ್ಲಿಯವರೆಗೆ ಈ ಡೈರಿಗೂ ಜಾಸ್ತಿ ಹೇಳುವುದಿಲ್ಲ.

19 ಜೂನ್, ಶುಕ್ರವಾರ

ಅಕ್ಷರ ಹೇಗೆ ಬರುತ್ತವೋ ಬರಲಿ.

ಇವತ್ತು ಚೆಕಪ್. ಮಾವನೂ ಬಂದಿದ್ದ. ಕಾರಿಡಾರಿನಲ್ಲಿ ಲ್ಯಾಬಿನ ಸಿಸ್ಟರ್ ಸಿಕ್ಕರು. ಅಂದು ಗ್ಲೂಕೋಸ್ ಕೊಟ್ಟವರಲ್ಲ, ಬೇರೆಯವರು. "ಕಂಗ್ರಾಜುಲೇಷನ್ಸ್ ವಿಮಲಾ, ಎಲ್ರಿ ನಿಮ್ಮ ಯಜಮಾನ್ರು? ಗಡ್ಡದವರು? ಎರಡು ಸಲಾನೂ ನಗ್‌ನಗ್ತಾ ರಕ್ತ ಕೊಟ್ರು, ಅಂಥೋರು ಕಡಿಮೆ." ನಾನು ಮಾವನನ್ನು ನೋಡಿದೆ. ಮಾವನಿಗೆ ಹುಟ್ಟಿದಾಗಿನಿಂದ ಗಡ್ಡವಿಲ್ಲ. ಗಡ್ಡ ಬಿಟ್ಟಿರುವುದು ಸೀನು.

ಸೀನು ಅವನ ತಮ್ಮ. ನನಗಿಂತ ಒಂದೇ ವರ್ಷ ದೊಡ್ಡವನು. ಗೋಲಿ ಆಡಿದ್ದು, ಜಡೆ ಎಳೆದದ್ದು, ಎಲ್ಲ ಇವನ ಜೊತೆಯೇ.

ಕಾರಿಡಾರಿನಲ್ಲೇ ಕೇಳಿದೆ. ಮಾವ ಮೊದಲು, "ಮನೇಲ್ ಮಾತಾಡೋಣ," ಎಂದ. ಆಮೇಲೆ, "ಅಮ್ಮ ಹೇಳಿದ್ಳು, ಅಣ್ಣತಮ್ಮಂದ್ರು ಒಂದೇ ರಕ್ತ, ಯಾರು ಕೊಟ್ರೇನು ಅಂತ," ಎಂದ.

ಡಾಕ್ಟರ ಕೋಣೆಗೆ ನಾನೇ ನುಗ್ಗಿ ಹೇಳಿದೆ. ಜಯಸಿಂಹ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬ್ಲಡ್ ಗ್ರೂಪ್ ಒಂದೇ ಇರೋದ್ರಿಂದ ನಿಮಗೆ ತೊಂದರೆ ಆಗಿಲ್ಲ. ಆದ್ರೆ ಅಣ್ಣತಮ್ಮ ಅಂದ್ರೆ ಈ ವಿಷಯದಲ್ಲಿ ಒಂದೇ ಅಂತಲ್ಲ. ಪೂರ್ತಿ ಒಂದೇ ಥರ ಇರೋ ಚಾನ್ಸು ನಾಲ್ಕರಲ್ಲಿ ಒಂದು. ನಿಮ್ಮ ಮೈಗೆ ನಾವು ಪರಿಚಯ ಮಾಡ್ಸಿರೋದು ಬೇರೆ ಯಾರನ್ನೋ." ಮುಂದಿನ ಶುಕ್ರವಾರ ಇನ್ನೊಂದು ಡೋಸ್ ಕೊಡಬಹುದು, ನಿಜವಾದ ಅಪ್ಪನದು. ತಡವಾಯಿತೋ ಇಲ್ಲವೋ ಹೇಳಲಾರೆ ಎಂದರು.

ಹಾಗಾದರೆ ತುರಿಸಿದ್ದು ಯಾರು? ನನ್ನ ಕೈಯೆಲ್ಲ ಕೆಂಪಾದಾಗ ನಾನು ಖುಷಿಪಟ್ಟದ್ದು ಯಾರಿಗೆ? ಆ ಪುಳಿಯೋಗರೆ ಬೇರೆ.

ಮನೆಗೆ ಬಂದು ಕೂಗಾಡಿದೆ. ಈ ಮನೆಯಲ್ಲಿ ನನ್ನ ಧ್ವನಿ ಇಷ್ಟು ಎತ್ತರಕ್ಕೆ ಹೋಗಬಲ್ಲದೆಂದು ನನಗೇ ಗೊತ್ತಿರಲಿಲ್ಲ. ಸೀನು ಹಿತ್ತಲಿಗೆ ಓಡಿದ. ಅಜ್ಜಿ ಮಾತ್ರ ಕದಲಲಿಲ್ಲ. "ಹೊರಗಡೆ ಕೊಟ್ನಲ್ಲ ನಿಮ್ಮಮ್ಮನ್ನ, ಏನಾಯ್ತು? ಜ್ವರ ಬಂದು ಹದಿನೈದು ದಿನ ಮಲಗಿದ್ರೂ ನಂಗೊಂದ್ ಮಾತು ಹೇಳಿ ಕಳ್ಸಲಿಲ್ಲ ಆ ಜನ. ಹೊತ್ಕೊಂಡು ಹೋಗೋ ದಿನ ಹೇಳಿದ್ರು. ಅದಕ್ಕೇ ನಿನ್ನ ಆಚೆಗೆ ಬಿಡಲಿಲ್ಲ ಕಣೆ."

ಅಯ್ಯೋ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡೆ. ಗೇಟಿನ ತನಕ ಹೋದ ಮೇಲೆ ಹೊಳೆಯಿತು. ಜಗಳವಾದರೆ ಹೆಂಗಸರು ತವರಿಗೆ ಹೋಗುತ್ತಾರೆ. ನನ್ನ ತವರು ಇದೇ. ನಾನು ಬಿಟ್ಟು ಹೊರಟಿರುವುದೂ ಇದನ್ನೇ.

20 ಜೂನ್

ತಿಲಕ್ ನಗರ. ಅಂಕಮ್ಮನ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಅವಳೂ ಅವಳ ತಾಯಿಯೂ ಕೆಳಗೆ ಮಲಗಿ ನನಗೆ ಮಂಚ ಕೊಟ್ಟರು. ಯಾಕೆ ಬಂದೆ ಎಂದು ಕೇಳಲಿಲ್ಲ. ಕುಡಿಯಲು ನೀರು ಕೇಳುವುದಕ್ಕೂ ಸಂಕೋಚ. ಲೋಟ ಎಲ್ಲಿದೆಯೋ ಗೊತ್ತಿಲ್ಲ, ಸ್ವಿಚ್ ಎಲ್ಲಿದೆಯೋ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಇನ್ನೊಬ್ಬರ ಮನೆಯಲ್ಲಿ ಇರುವುದು. ವಿಚಿತ್ರ. ನಿದ್ದೆ ಬಂತು.

22 ಜೂನ್, ಸೋಮವಾರ

ಡ್ಯೂಟಿ ಮುಗಿಸಿ ಬಂದು ಕೂತಿದ್ದೆ. ಬಾಗಿಲು ತಟ್ಟಿದ ಸದ್ದು. ಅಂಕಮ್ಮನ ತಾಯಿ ತೆಗೆದರು. ಮಾವ. ಕೈಯಲ್ಲಿ ಕಿತ್ತಲೆ ಹಣ್ಣಿನ ಪೊಟ್ಟಣ, ಕಾಯಿಲೆಯವರನ್ನು ನೋಡಲು ಬಂದವನಂತೆ.

"ಒಳಗೆ ಬರಬಹುದಾ?"

ನನ್ನನ್ನೇ ಕೇಳಿದ. ಹುಟ್ಟಿದಾಗಿನಿಂದ ಬಲ್ಲೆ ಇವನನ್ನು. ಹೆಗಲ ಮೇಲೆ ಕೂರಿಸಿಕೊಂಡು ಪುಟ್ಟೇನಹಳ್ಳಿ ಕೆರೆ ತೋರಿಸಿದವನು. ನನ್ನ ಕೋಣೆಗೆ ಬರಲು ಒಂದು ದಿನವೂ ಅಪ್ಪಣೆ ಕೇಳಿದವನಲ್ಲ, ನಾನೂ ಅವನದಕ್ಕೆ ಕೇಳಿದವಳಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತಿದ್ದ. ತಲೆಯಲ್ಲಿ ಬಿಳಿಕೂದಲು ಇಷ್ಟೊಂದು ಯಾವಾಗ ಬಂದವು? ಅಲ್ಲಿ ನಿಂತಿದ್ದವರು ಯಾರೋ ಗಂಡಸರು. ಮೂವತ್ತೇಳು ವರ್ಷ, ಇಸ್ತ್ರಿ ಇಲ್ಲದ ಷರಟು, ಹೆದರಿದ ಮುಖ. ಎದೆ ಹೊಡೆದುಕೊಂಡಿತು. ಮದುವೆಯ ದಿನ ಹೀಗೆ ಹೊಡೆದುಕೊಂಡಿರಲಿಲ್ಲ.

"ಬನ್ನಿ," ಎಂದೆ.

ಕೂತರು. ಅಂಕಮ್ಮ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಹೋದಳು.

"ಸೂಜಿಗೆ ಹೆದರಿದ್ರಾ?"

"ಸೂಜಿಗೂ ಹೆದರಿದೆ. ಸುಳ್ಳು ಯಾಕೆ." ಕಿತ್ತಲೆ ಪೊಟ್ಟಣದ ದಾರ ಬಿಚ್ಚುತ್ತ ಕಟ್ಟುತ್ತ ಇದ್ದರು. "ಮೂರು ಹೋದಾಗ ಎಲ್ರೂ ನಿನ್ನ ಮೈ ಸರಿಯಿಲ್ಲ ಅಂದ್ರು. ನಾನೂ ಸುಮ್ನಿದ್ದೆ. ಆ ಡಾಕ್ಟ್ರು ರಕ್ತ ಕೊಡಿ ಅಂದಾಗ... ನಾನ್ ಕೊಟ್ಟು, ಅದೂ ಹೋದ್ರೆ? ನಂದೇ ತಪ್ಪು ಅಂತ ಗೊತ್ತಾಗೋಗುತ್ತೆ. ಸೀನು ಕೊಟ್ಟು ಹೋದ್ರೆ, ಸೀನುದು ಸರಿಹೋಗ್ಲಿಲ್ಲ ಅನ್ಬಹುದಿತ್ತು. ಅಷ್ಟೇ ವಿಮಲಾ. ಅಮ್ಮ ಹೇಳಿದ್ದು ನನಗೊಂದು ನೆಪ ಆಯ್ತು."

ಹೇಡಿ ಎಂದೆ. ಹೂಂ ಎಂದರು. ಇನ್ನೂ ಏನೇನೋ ಅಂದೆ, ಆರು ವರ್ಷದ್ದು. ಎಲ್ಲದಕ್ಕೂ ಹೂಂ ಅನ್ನಲಿಲ್ಲ. ಎರಡು ಮಾತಿಗೆ ತಿರುಗಿ ಬೈದರು. ನನಗೆ ಸಿಟ್ಟು ಬರುವುದರ ಬದಲು ಹಾಯೆನಿಸಿತು. ನಮ್ಮ ಮೊದಲ ಜಗಳ. ಆಮೇಲೆ ಇಬ್ಬರೂ ಕಿತ್ತಲೆ ಸುಲಿದು ತಿಂದೆವು. ಹುಳಿ.

"ಶುಕ್ರವಾರ ಬೆಳಿಗ್ಗೆ ಆರಕ್ಕೆ. ನಾನೂ ಬರ್ತೀನಿ. ಕಣ್ಣಾರೆ ನೋಡ್ತೀನಿ."

"ಬಿದ್ದೋದ್ರೆ?"

"ಬೀಳಿ. ಕೊಟ್ಟು ಬೀಳಿ."

26 ಜೂನ್, ಶುಕ್ರವಾರ

ಕೊಟ್ಟರು. ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಬಳೆ ಒಂದು ಒಡೆಯಿತು. ಸಿಸ್ಟರು ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿ ನಗು ತಡೆದುಕೊಂಡರು. ಬೀಳಲಿಲ್ಲ. ಎದ್ದು ನಡೆದು ಕ್ಯಾಂಟೀನಿನ ತನಕ ಹೋಗಿ ಅಲ್ಲಿ ಬಿದ್ದರು.

ಮಧ್ಯಾಹ್ನ ನನಗೆ ಚುಚ್ಚಿದರು. ಸಂಜೆ ಮನೆಗೆ ಹೋದೆ. ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು. ಬೇಗ ಬಾ ಎನ್ನಲಿಲ್ಲ, ಬ್ಯಾಗ್ ಕಿತ್ತುಕೊಳ್ಳಲಿಲ್ಲ. ಕಾಲಿಗೆ ನೀರು ಕೊಟ್ಟಳು, ನೆಂಟರಿಗೆ ಕೊಡುವಂತೆ. "ಊಟಕ್ಕೆ ಏನ್ ಮಾಡ್ಲಿ?" ಎಂದು ಕೇಳಿದಳು. ಅದನ್ನೂ ಯಾವತ್ತೂ ಕೇಳಿದವಳಲ್ಲ. ನುಗ್ಗೆಕಾಯಿ ಸಾರು ಎಂದೆ. ಇಬ್ಬರಿಗೂ ಕಣ್ಣಲ್ಲಿ ನೀರು.

29 ಜೂನ್

ತುರಿಕೆ ಇಲ್ಲ. ಸ್ವಲ್ಪ ಕೆಂಪು, ಅಷ್ಟೆ. ಸೀನುವಿನದಕ್ಕೆ ಕೈಯೆಲ್ಲ ಉರಿದಿತ್ತು. ಇವರದಕ್ಕೆ ಏನೂ ಇಲ್ಲವೆಂದರೆ ಏನರ್ಥ? ಡಾಕ್ಟರಿಗೆ ಫೋನ್ ಮಾಡಿದೆ. "ತುರಿಕೆಗೂ ಒಳಗೆ ಆಗೋದಕ್ಕೂ ನೇರ ಸಂಬಂಧ ಇಲ್ಲಮ್ಮ." ಹಾಗಾದರೆ ಯಾವುದಕ್ಕೆ ಯಾವುದು ಸಂಬಂಧ? ಅವರಿಗೂ ಗೊತ್ತಿಲ್ಲ. ಮೂರು ನಿಮಿಷ ಮುಗಿಯಿತು ಎಂದು ನಾನೇ ಇಟ್ಟೆ. ಮೂರು ನಿಮಿಷದ ಲೆಕ್ಕ ಟ್ರಂಕ್ ಕಾಲಿಗೆ, ಲೋಕಲ್ ಕಾಲಿಗೆ ಅದು ಇಲ್ಲವೇ ಇಲ್ಲ.

30 ಜೂನ್

ಸಂಜೆ ಕೆರೆದುಕೊಳ್ಳುತ್ತಿದ್ದೆ ಎಂದು ಅವರು ಹೇಳಿದರು. ನನಗೆ ಗೊತ್ತೇ ಆಗಿರಲಿಲ್ಲ. ದೀಪದ ಕೆಳಗೆ ಇಬ್ಬರೂ ನೋಡಿದೆವು. ಒಂದೇ ಒಂದು ಗುಳ್ಳೆ. ಇವರದಿರಬಹುದು. ಸೊಳ್ಳೆಯೂ ಇರಬಹುದು.

11 ಜುಲೈ

ಹತ್ತನೇ ವಾರ. ಬಚ್ಚಲಿಗೆ ಹೋಗಲು ಭಯ. ಹೋಗದಿರಲೂ ಭಯ. ಹೋದಾಗಲೆಲ್ಲ ಬಟ್ಟೆ ನೋಡುವುದು. ಬೋರ್ಡಿನಲ್ಲಿ ಹೈದರಾಬಾದಿಗೆ ಕೊಡಬೇಕಾದ ಲೈನನ್ನು ಹುಬ್ಬಳ್ಳಿಗೆ ಕೊಟ್ಟೆ. ಯಾರೋ ಇಬ್ಬರು ಅಪರಿಚಿತರು ಒಂದು ನಿಮಿಷ ಪರಸ್ಪರ ಯೋಗಕ್ಷೇಮ ವಿಚಾರಿಸಿಕೊಂಡರಂತೆ. ಮೆಮೋ ಬರಬಹುದು. ಬರಲಿ.

16 ಜುಲೈ, ಬೆಳಿಗ್ಗೆ

ಕಲೆ. ಕಂದು ಬಣ್ಣ, ಒಂದು ರೂಪಾಯಿಯಷ್ಟು. ಹೋದ ಮೂರು ಸಲವೂ ಹೀಗೆಯೇ ಶುರು. ಅಜ್ಜಿ ಕಾಲಿನ ಕೆಳಗೆ ದಿಂಬು ಇಟ್ಟಿದ್ದಾಳೆ. ಅವರು ಆಟೋ ತರಲು ಹೋಗಿದ್ದಾರೆ. ಸೀನು ಬಾಗಿಲ ಹೊರಗೆ ನಿಂತು, "ವಿಮ್ಲೀ, ಬೇಕಾದ್ರೆ ಇನ್ನೊಂದು ಬಾಟ್ಲು ಕೊಡ್ತೀನಿ ಕಣೆ," ಎಂದ. ಅಳುತ್ತಿದ್ದ. ಅವನ ಮೇಲೆ ನನಗೆ ಸಿಟ್ಟೇ ಇಲ್ಲ.

ಇರು. ದಮ್ಮಯ್ಯ, ಇರು. ನೀನು ಯಾರಾದರೂ ಆಗಿರು, ಇರು.

9 ಆಗಸ್ಟ್

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಕೇಳಿಸಿಕೊಂಡು ಹೋಗಿಬಿಡುತ್ತದೆ ಎಂಬ ಮೂಢನಂಬಿಕೆ. ನಾನು ಸೈನ್ಸ್ ಓದಿದವಳು, ಆದರೂ.

ಕಲೆ ತಾನಾಗಿ ನಿಂತಿತು. ಹನ್ನೊಂದು ದಾಟಿತು, ಹನ್ನೆರಡು ದಾಟಿತು. ಡಾಕ್ಟರು ಮೊನ್ನೆ ಒಂದು ಯಂತ್ರ ಹೊಟ್ಟೆಗೆ ಒತ್ತಿ ಸದ್ದು ಕೇಳಿಸಿದರು. ದೂರದ ಊರಿನ ಲೈನಿನಂತೆ ಗರಗರ, ಅದರ ನಡುವೆ ಬೇಗ ಬೇಗ ಏನೋ. ನಮ್ಮವರು ಕೇಳಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

"ಯಾರದು ಕೆಲಸ ಮಾಡ್ತು ಡಾಕ್ಟ್ರೇ? ಸೀನುದಾ, ಇವ್ರದಾ?"

"ಎರಡೂ ಇರಬಹುದು. ಎರಡೂ ಇಲ್ದೇನೂ ಇರಬಹುದು," ಎಂದರು ಜಯಸಿಂಹ. "ನಿಮ್ಮ ಮೈ ಈ ಸಲ ತಾನೇ ಕಲ್ತಿರಬಹುದು. ನಾನು ಹೆಸರು ಹಾಕ್ಕೊಳ್ಳಲ್ಲ."

ಒಳ್ಳೆಯ ಮನುಷ್ಯರು. ಆದರೂ ಯಾರಾದರೂ ಒಬ್ಬರು ಖಂಡಿತ ಎಂದು ಹೇಳಬಾರದೇ.

9 ಸೆಪ್ಟೆಂಬರ್, ಮಧ್ಯಾಹ್ನ

ಡ್ಯೂಟಿ ಮುಗಿಸಿ ಬಂದು ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಜ್ಜಿ ಒಳಗೆ ಮಲಗಿದ್ದಾಳೆ. ಅವರಿಗೆ ಇವತ್ತು ರಜೆ, ಕಾಂಪೌಂಡಿನ ಆ ಕಡೆ ಬಾಳೆಗಿಡಕ್ಕೆ ಪಾತಿ ಮಾಡುತ್ತಿದ್ದಾರೆ. ಈಗ ಜಗಳ ವಾರಕ್ಕೊಂದಾದರೂ ಆಗುತ್ತದೆ. ನಿನ್ನೆಯದು ತೊಟ್ಟಿಲ ವಿಷಯಕ್ಕೆ. ಇಷ್ಟು ಬೇಗ ಅಟ್ಟದಿಂದ ಇಳಿಸಬೇಡಿ ಎಂದೆ, ಇಳಿಸಿಬಿಟ್ಟಿದ್ದರು. ಮತ್ತೆ ಹತ್ತಿಸಿದೆ. ನಾವೆಲ್ಲ ಮಲಗಿದ್ದ ತೊಟ್ಟಿಲೇ ಅದು. ಅಮ್ಮ, ಅವರು, ಸೀನು, ನಾನು. ಈ ಮಗುವಿಗೆ ಹೊಸದು ಬೇಕು ಎಂದಿದ್ದೇನೆ.

ಬೆಳಿಗ್ಗೆ ಬೋರ್ಡಿನಲ್ಲಿ ಮದರಾಸಿಗೆ ಲೈನ್ ಕೊಡುತ್ತಿದ್ದಾಗ ಹೊಟ್ಟೆಯ ಎಡಕ್ಕೆ ಏನೋ ಆಯಿತು. ಒಳಗಿನಿಂದ ಬೆರಳಲ್ಲಿ ತಟ್ಟಿದ ಹಾಗೆ. ಗ್ಯಾಸ್ ಎಂದುಕೊಂಡೆ. ಅಂಕಮ್ಮನಿಗೂ ಹೇಳಲಿಲ್ಲ. ಹೋದವು ಮೂರೂ ಇಷ್ಟು ದೊಡ್ಡವಾಗಲೇ ಇಲ್ಲ, ಅದು ಹೇಗಿರುತ್ತದೆ ಎಂದು ನನಗೇನು ಗೊತ್ತು. ಊಟಕ್ಕೆ ಕೂತಾಗಲೂ ಒಮ್ಮೆ —

ಇದೋ. ಈಗ.

ಮತ್ತೆ. ಗ್ಯಾಸ್ ಅಲ್ಲ. ನಾನು ಅಲುಗಾಡಿಲ್ಲ, ಉಸಿರೂ ಬಿಟ್ಟಿಲ್ಲ, ಆದರೂ ಅಲುಗಿತು. ಇದು ನಾನಲ್ಲ. ನನ್ನ ಮಾತು ಕೇಳದೆ ನನ್ನೊಳಗೆ ಯಾರೋ ಒದೆಯುತ್ತಿದ್ದಾರೆ. ಯಾರಪ್ಪಾ ನೀನು? ಎಲ್ಲಿಂದ ಬಂದೆ? ಒದಿ, ಇನ್ನೊಂದು ಸಲ ಒದಿ, ಚೆಲ್ಲಿದ್ದನ್ನು ನಾನು ಬಳಿಯುತ್ತೇನೆ.

ಅವರ ಕೈ ಇಡಿಸಬೇಕು. ಮಣ್ಣಿನ ಕೈಯಾದರೂ ಸರಿ. ಇಲ್ಲಿಂದ ಕೂಗಿದರೆ ಕೇಳುತ್ತದೋ ಇಲ್ಲವೋ, ಎದ್ದರೆ ಇದು ಸುಮ್ಮನಾಗಿಬಿಟ್ಟರೆ... ರೀ... ಮಾವಾ